ಅಪ್ಪನ ಕಳ್ಳ ಸ್ವಿಚ್ಚು

ಗ್ಯಾರೇಜಿಗೆ ಬರುವ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: “ಮೆಕ್ಯಾನಿಕ್ ಎಲ್ಲಮ್ಮಾ?” ಕೈಯಲ್ಲಿ ಸ್ಪ್ಯಾನರ್ ಹಿಡಿದು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಎದುರಿಗೇ ನಿಂತಿರುತ್ತೇನೆ. ಆದರೂ ಅವರ ಕಣ್ಣು ನನ್ನ ಹೆಗಲು ದಾಟಿ ಹಿಂದೆ ಎಲ್ಲೋ ಒಬ್ಬ ಗಂಡಸನ್ನು ಹುಡುಕುತ್ತಿರುತ್ತದೆ. “ಊಟಕ್ಕೆ ಹೋಗಿದ್ದಾನೆ, ಬರೋ ವರ್ಷ ಬರ್ತಾನೆ” ಅನ್ನುವುದು ನನ್ನ ಮಾಮೂಲಿ ಉತ್ತರ. ಆ ದಿನ ಬೆಳಿಗ್ಗೆ ಬಂದ ಇಬ್ಬರು ಆ ಪ್ರಶ್ನೆ ಕೇಳಲಿಲ್ಲ. ನನ್ನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ. ಬೆವರು ಸುರಿಸುತ್ತ ಒಂದು ಬೈಕು ತಳ್ಳಿಕೊಂಡು ಬಂದು ಶೆಡ್ಡಿನೊಳಗೆ ನಿಲ್ಲಿಸಿದರು.

ಇಬ್ಬರಲ್ಲಿ ದಪ್ಪಗಿದ್ದವನು ಏದುಸಿರು ಬಿಡುತ್ತ ಹೇಳಿದ: “ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ. ಬೇಗ ನೋಡಿ.”

ನಾನು ಬೈಕು ನೋಡಿದೆ. ಅದು ನನ್ನ ತಮ್ಮನದು.

ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು, ಬೇಕೆಂದೇ ಮೆತ್ತಿದ ಹಾಗೆ. ಆದರೆ ಸೀಟಿನ ಹರಿದ ಅಂಚಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದವಳು ನಾನೇ. ಹಿಂದಿನ ಕ್ಯಾರಿಯರ್ ಬೆಸುಗೆ ಹಾಕಿದವರು ಅಪ್ಪ, ಅವರ ಬಲಗೈ ಇನ್ನೂ ಮಾತು ಕೇಳುತ್ತಿದ್ದ ಕಾಲದಲ್ಲಿ. ಆ ಕ್ಯಾರಿಯರ್ ಮೇಲೆ ತಮ್ಮನ ಮರದ ಪೆಟ್ಟಿಗೆ ಇರಬೇಕಿತ್ತು. ತಮ್ಮ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವನು. ಪೆಟ್ಟಿಗೆ ತುಂಬ ಕಬ್ಬಿಣದ ತೂಕದ ಕಲ್ಲುಗಳು. ಬೆಳಕು ಹರಿಯುವ ಮೊದಲೇ ಅದನ್ನು ಹಗ್ಗದಲ್ಲಿ ಬಿಗಿದುಕೊಂಡು, ನಾನು ಕೊಟ್ಟ ಕಾಫಿಗೆ ಸಕ್ಕರೆ ಕಮ್ಮಿ ಎಂದು ಗೊಣಗಿ ಹೊರಟಿದ್ದ. ಈಗ ಪೆಟ್ಟಿಗೆ ಇರಲಿಲ್ಲ. ಹಗ್ಗದ ಒಂದು ತುಂಡು ನೇತಾಡುತ್ತಿತ್ತು.

ನನ್ನ ಬಾಯಿ ದೊಡ್ಡದು ಎಂದು ಊರಿಗೆಲ್ಲ ಗೊತ್ತು. ಆ ಹೊತ್ತಿಗೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು.

“ಯಾರ ಗಾಡಿ?” ಎಂದು ಕೇಳಿದೆ. ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದೆ ಅಂದುಕೊಂಡಿದ್ದೇನೆ.

“ನಮ್ಮ ಭಾವಂದು,” ಅಂದ ದಪ್ಪನೆಯವನು. ಅದೇ ಕ್ಷಣಕ್ಕೆ ಜೊತೆಗಿದ್ದ ಸಣಕಲ, “ಫ್ರೆಂಡ್‌ದು,” ಅಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಪ್ಪನೆಯವನು ಹೋಗಿ ಶಟರನ್ನು ಅರ್ಧಕ್ಕೆ ಎಳೆದ. “ಬಿಸಿಲು ಹೊಡೀತಾ ಇದೆ,” ಅಂದ. ನಮ್ಮ ಶೆಡ್ಡಿಗೆ ಬಿಸಿಲು ಬರುವುದು ಸಂಜೆ.

ಈಗ ನೀವು ಕೇಳಬಹುದು, ಕೂಗಿ ಜನ ಸೇರಿಸಬಾರದಿತ್ತೇ ಎಂದು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಒಂದು ಕೂಗಿಗೆ ಓಡಿ ಬರುವವನು. ಆದರೆ ಇವರು ಓಡಿಹೋದರೆ, ತಮ್ಮ ಎಲ್ಲಿದ್ದಾನೆ ಎನ್ನುವುದೂ ಇವರ ಜೊತೆಗೇ ಓಡಿಹೋಗುತ್ತದೆ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡೆ.

ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಎನ್ನುವುದು ಅದನ್ನು ಮುಟ್ಟುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ.

ನಮ್ಮ ಮನೆಯ ಪ್ರತಿ ಬೈಕಿನಲ್ಲೂ ಅಪ್ಪ ಒಂದು ಕಳ್ಳ ಸ್ವಿಚ್ಚು ಕೂರಿಸುತ್ತಿದ್ದರು. ಸೀಟಿನ ಕೆಳಗೆ, ಬ್ಯಾಟರಿಯ ಹಿಂದೆ, ಎರಡು ಬೆರಳು ಮಾತ್ರ ತೂರುವ ಜಾಗದಲ್ಲಿ. ಗಾಡಿ ನಿಲ್ಲಿಸಿ ಇಳಿದಾಗ ಅದನ್ನು ಕೆಳಗೆ ಒತ್ತಬೇಕು. ಆಮೇಲೆ ಯಾರು ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಗರಗರ ತಿರುಗುತ್ತದೆಯೇ ಹೊರತು ಕಿಡಿ ಹುಟ್ಟುವುದಿಲ್ಲ. ಓಡಿಸುವಾಗ ಮತ್ತೆ ಮೇಲೆ ಎತ್ತಬೇಕು. ಜಾಗ ಯಾರಿಗೂ ಹೇಳಬಾರದು, ಕಟ್ಟಿಕೊಂಡ ಹೆಂಡತಿಗೂ ಹೇಳಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಅದಕ್ಕೆ ಒಂದೇ ವಿನಾಯಿತಿ ಇತ್ತು. “ಯಾರಾದ್ರೂ ಹೆದರಿಸಿ ಕೇಳಿದ್ರೆ ತಕ್ಷಣ ತೋರಿಸಿಬಿಡಿ. ಗಾಡಿ ಹೋದ್ರೆ ಇನ್ನೊಂದು ಬರುತ್ತೆ.”

ತಮ್ಮನಿಗೆ ಕೀ ಗಾಡಿಯಲ್ಲೇ ಬಿಟ್ಟು ಹೋಗುವ ಕೆಟ್ಟ ಚಾಳಿ. ಬೈದರೆ, “ಕಳ್ಳ ಸ್ವಿಚ್ಚು ಇದೆಯಲ್ಲ ಅಕ್ಕಾ” ಎಂದು ಹಲ್ಲು ಕಿರಿಯುತ್ತಿದ್ದ. ಕೀ ಮರೆತರೂ ಸ್ವಿಚ್ಚು ಮರೆತವನಲ್ಲ.

ಹಾಗಾಗಿ ಲೆಕ್ಕ ಸರಳವಾಗಿತ್ತು. ಇವರು ಅವನನ್ನು ಹೆದರಿಸಿದ್ದರೆ ಅವನು ಸ್ವಿಚ್ಚು ತೋರಿಸಿರುತ್ತಿದ್ದ, ಗಾಡಿ ಸ್ಟಾರ್ಟ್ ಆಗುತ್ತಿತ್ತು. ಆಗಿಲ್ಲ. ಅಂದರೆ ಅವನು ಎಲ್ಲೋ ಅಂಗಡಿ ಮುಂದೆ ನಿಲ್ಲಿಸಿ ಒಳಗೆ ಹೋಗಿದ್ದಾಗ ಇವರು ತಳ್ಳಿಕೊಂಡು ಬಂದಿದ್ದಾರೆ. ಸ್ವಿಚ್ಚು ಕೆಳಗಿರುತ್ತದೆ. ತಮ್ಮ ಎಲ್ಲೋ ಕೂತು ತಕ್ಕಡಿ ಬಿಚ್ಚುತ್ತಿರುತ್ತಾನೆ. ಹೊರಗೆ ಬಂದು ಗಾಡಿ ಇಲ್ಲದ್ದು ನೋಡಿ ನನಗೆ ಫೋನ್ ಮಾಡುತ್ತಾನೆ, ನಾನು ಅವನ ಜನ್ಮ ಜಾಲಾಡುತ್ತೇನೆ.

ಆದರೆ ಸ್ವಿಚ್ಚು ಮೇಲಿದ್ದರೆ? ಮೇಲಿದ್ದರೆ ಅವನು ಇಳಿದಿಲ್ಲ. ಗಾಡಿ ಓಡಿಸುತ್ತಿದ್ದಾಗಲೇ ಏನೋ ಆಗಿದೆ.

ಎರಡು ಬೆರಳು ತೂರಿಸಿದರೆ ಗೊತ್ತಾಗಿಬಿಡುತ್ತಿತ್ತು. ನಾನು ತೂರಿಸಲಿಲ್ಲ. ಮುಟ್ಟದಿರುವಷ್ಟು ಹೊತ್ತು ತಮ್ಮ ಅಂಗಡಿಯೊಂದರಲ್ಲಿ ಕ್ಷೇಮವಾಗಿ ಕೂತಿರುತ್ತಾನೆ ಅನ್ನಿಸಿತು. ಅಷ್ಟು ಹೆದರಿಕೆಯಾಗಿತ್ತು ನನಗೆ.

“ನೋಡ್ತೀನಿ,” ಎಂದು ಹೇಳಿ, ಏನೂ ಗೊತ್ತಿಲ್ಲದವಳ ಹಾಗೆ ಮೊದಲಿಂದ ಶುರು ಮಾಡಿದೆ.

ಕೀ ತಿರುಗಿಸಿ ಸೆಲ್ಫ್ ಒತ್ತಿದೆ. ಗರ್‌ರ್‌ರ್... ಗರ್‌ರ್‌ರ್... ಇಂಜಿನ್ ತಿರುಗಿತು, ಹೊತ್ತಿಕೊಳ್ಳಲಿಲ್ಲ.

ಶೆಡ್ಡಿನ ಹಿಂದಿನ ಕೋಣೆಯಿಂದ ಅಪ್ಪನ ದನಿ ಬಂತು. ಪಾರ್ಶ್ವವಾಯು ಹೊಡೆದ ಮೇಲೆ ಅವರು ಮಂಚ ಬಿಟ್ಟಿಲ್ಲ, ಆದರೆ ಕಿವಿ ಇನ್ನೂ ಗ್ಯಾರೇಜಿನಲ್ಲೇ ಇದೆ.

“ಯಾರ ಗಾಡೀನೇ ಅದು? ನಮ್ಮ ಹುಡುಗನ ಗಾಡಿ ಸದ್ದು ಇದ್ದ ಹಾಗಿದೆ?”

ಸಣಕಲ ಬೆಚ್ಚಿಬಿದ್ದ. “ಯಾರು? ಯಾರು ಕೂಗಿದ್ದು?” ಅವನ ಮುಖದಲ್ಲಿ ರಕ್ತವಿರಲಿಲ್ಲ. ಒಬ್ಬ ಮುದುಕ ಒಳಗಿಂದ ಮಾತಾಡಿದ್ದಕ್ಕೆ ಇಷ್ಟು ಬೆದರುವುದೇಕೆ ಎಂದು ನನಗೆ ಅರ್ಥವಾಗಲಿಲ್ಲ. ಅವನ ಹೆದರಿಕೆ ನೋಡಿ ನನ್ನ ಹೆದರಿಕೆ ದುಪ್ಪಟ್ಟಾಯಿತು.

“ನಮ್ಮಪ್ಪ,” ಅಂದೆ. ಒಳಗೆ ಕೇಳುವ ಹಾಗೆ, “ಬೇರೆಯವರ ಗಾಡಿ ಅಪ್ಪಾ! ಮಲಕ್ಕೊಳ್ಳಿ!” ಎಂದು ಕೂಗಿದೆ.

ದಪ್ಪನೆಯವನು ನನ್ನ ಬೆಂಚಿನ ಮೇಲಿದ್ದ ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ಅಂಗೈಗೆ ಬಡಿದುಕೊಳ್ಳುತ್ತ, “ನಮ್ಮ ಹುಡುಗ ಅಂದ್ರೆ ಯಾರು?” ಎಂದು ಕೇಳಿದ.

“ಅವರಿಗೆ ಎಲ್ಲಾ ಗಾಡಿನೂ ನಮ್ಮ ಹುಡುಗನ ಗಾಡೀನೇ. ವಯಸ್ಸಾಯ್ತಲ್ಲ,” ಅಂದೆ. ಅಪ್ಪನ ಕಿವಿಯ ಬಗ್ಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಪೆಟ್ರೋಲ್ ನೋಡಿದೆ. ಟ್ಯಾಂಕ್ ಅಲುಗಾಡಿಸಿದರೆ ಗುಳುಗುಳು ಅನ್ನುತ್ತಿತ್ತು. ಪೈಪು ಕಿತ್ತು ಹಿಡಿದೆ, ಪೆಟ್ರೋಲ್ ಸಲೀಸಾಗಿ ಬಂತು. ಪೈಪು ಮತ್ತೆ ಸಿಕ್ಕಿಸಿದೆ. ಬಗ್ಗಿ ಕೂತಾಗ ಬಲಗಡೆಯದೆಲ್ಲ ಕಣ್ಣಿಗೆ ಬಿತ್ತು. ಬ್ರೇಕ್ ಲಿವರ್ ಒಳಕ್ಕೆ ಮಡಚಿಕೊಂಡಿತ್ತು. ಕಾಲಿಡುವ ಕಬ್ಬಿಣ ಸವೆದು ಬೆಳ್ಳಗಾಗಿತ್ತು, ಅದರ ಸಂದಿಯಲ್ಲಿ ಹಸಿ ಹುಲ್ಲು ಬೇರು ಸಮೇತ ಸಿಕ್ಕಿಕೊಂಡಿತ್ತು. ತಳ್ಳುವಾಗ ಇವರೇ ಬೀಳಿಸಿರಬೇಕು ಅಂದುಕೊಂಡೆ. ಕದ್ದ ಮಾಲಿನ ಮೇಲೆ ಯಾರಿಗೆ ಕಾಳಜಿ ಇರುತ್ತದೆ. ಹೌದು, ಇವರೇ ಬೀಳಿಸಿದ್ದಾರೆ.

“ಎಷ್ಟೊತ್ತು?” ಅಂದ ದಪ್ಪನೆಯವನು.

“ಮದುವೆ ದಿಬ್ಬಣಕ್ಕೆ ಹೊತ್ತಾಯ್ತಾ? ಕಾಯಿಲೆ ಏನು ಅಂತ ತಿಳೀದೆ ಔಷಧಿ ಕೊಡಕ್ಕಾಗುತ್ತಾ?” ಎಂದು ಗದರಿದೆ. ಹಳೆಯ ಅಭ್ಯಾಸದಿಂದ ಬಂದ ಮಾತು. ಅವನು ಸ್ಪ್ಯಾನರ್ ಕೆಳಗಿಟ್ಟ. ಮೆಕ್ಯಾನಿಕ್ ಬೈದರೆ ಗಂಡಸರಿಗೆ ಕೆಲಸ ನಡೆಯುತ್ತಿದೆ ಎಂದು ಧೈರ್ಯ ಬರುತ್ತದೆ.

ಇನ್ನು ಕಿಡಿ ನೋಡಬೇಕು. ಪ್ಲಗ್ ಬಿಚ್ಚಿ, ಅದರ ತುದಿಯನ್ನು ಇಂಜಿನ್ನಿಗೆ ತಾಗಿಸಿ ಹಿಡಿದು, ಸಣಕಲನಿಗೆ ಸೆಲ್ಫ್ ಒತ್ತಲು ಹೇಳಿದೆ. ಕಿಡಿ ಇಲ್ಲ. ಇನ್ನೊಮ್ಮೆ ಒತ್ತಿಸಿದೆ. ಇಲ್ಲವೇ ಇಲ್ಲ.

ಯಾವ ಮೆಕ್ಯಾನಿಕ್ಕೂ ಕಿಡಿ ಇಲ್ಲವೆಂದು ಇಷ್ಟು ಸಂತೋಷಪಟ್ಟಿರಲಾರ. ಕಿಡಿ ಇಲ್ಲ ಅಂದರೆ ಸ್ವಿಚ್ಚು ಕೆಳಗಿದೆ. ತಮ್ಮ ತಾನೇ ಗಾಡಿ ನಿಲ್ಲಿಸಿ, ತಾನೇ ಒತ್ತಿ, ತನ್ನ ಕಾಲ ಮೇಲೆ ನಡೆದು ಹೋಗಿದ್ದಾನೆ. ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, ಪೆಟ್ರೋಲ್ ಹಾರಿತು ಅಂದೆ.

“ಬ್ಯಾಟರಿ ಕನೆಕ್ಷನ್ ನೋಡಬೇಕು,” ಎಂದು ಸುಳ್ಳು ಹೇಳಿ ಸೀಟು ಎತ್ತಿದೆ. ಅವರಿಗೆ ಕಾಣದ ಹಾಗೆ ಬೆನ್ನು ಅಡ್ಡ ಮಾಡಿ, ಬ್ಯಾಟರಿಯ ಹಿಂದೆ ಬೆರಳು ತೂರಿಸಿದೆ. ಧೂಳು, ವೈರು, ಅಪ್ಪ ಸುತ್ತಿದ ಹಳೆಯ ಟೇಪು. ಆಮೇಲೆ ಆ ಪುಟ್ಟ ಕಡ್ಡಿ.

ಅದು ಮೇಲಿತ್ತು.

ಒತ್ತಿ ನೋಡಿದೆ. ಟಿಕ್ ಎಂದು ಕೆಳಗಿಳಿಯಿತು. ಅಂದರೆ ನಿಜವಾಗಿಯೂ ಮೇಲೇ ಇತ್ತು. ಮತ್ತೆ ಮೇಲೆತ್ತಿದೆ. ಹಾಗೇ ನೆಲಕ್ಕೆ ಕೂತೆ. ಸೀಟಿನ ನೀಲಿ ದಾರದ ಹೊಲಿಗೆ ಕಣ್ಣೆದುರಿಗೇ ಇತ್ತು.

“ಏನಾಯ್ತು?” ಅಂದ ದಪ್ಪನೆಯವನು.

“ಏನಿಲ್ಲ. ಸಿಕ್ತು.”

ಸಿಕ್ಕಿರಲಿಲ್ಲ. ಈಗ ನಿಜವಾಗಿಯೂ ಹುಡುಕಬೇಕಿತ್ತು. ಸ್ವಿಚ್ಚು ಮೇಲಿದ್ದೂ ಕಿಡಿ ಇಲ್ಲ ಅಂದರೆ ದಾರಿಯಲ್ಲಿ ಎಲ್ಲೋ ವೈರು ಕೆಟ್ಟಿದೆ. ಬಲಗಡೆ ಪೆಟ್ಟು ಬಿದ್ದಿದೆ, ಹಾಗಾಗಿ ಬಲಗಡೆಯಿಂದಲೇ ಹುಡುಕಿದೆ. ಹ್ಯಾಂಡಲಿನಿಂದ ಇಳಿದು ಬರುವ ವೈರುಗಳ ಮೇಲೆ ಬೆರಳು ಆಡಿಸುತ್ತ ಬಂದರೆ, ಟ್ಯಾಂಕಿನ ಮುಂದೆ ಒಂದು ಕಡೆ ಚಪ್ಪಟೆ ಸಿಕ್ಕಿತು. ಹ್ಯಾಂಡಲ್ ಪೂರ್ತಿ ತಿರುಗಿ ಫ್ರೇಮಿಗೆ ಬಡಿದಾಗ ಮಧ್ಯೆ ಸಿಕ್ಕಿ ವೈರಿನ ಮೇಲ್ಕವಚ ಸುಲಿದುಹೋಗಿತ್ತು. ಒಳಗಿನ ತಾಮ್ರ ಫ್ರೇಮಿಗೆ ತಾಗಿಕೊಂಡಿತ್ತು. ಇಂಜಿನ್ ಆಫ್ ಮಾಡುವ ವೈರು ಅದು. ತಾಗಿರುವಷ್ಟು ಹೊತ್ತು ಕಿಡಿ ಹುಟ್ಟುವುದಿಲ್ಲ, ಸೆಲ್ಫ್ ಮಾತ್ರ ತಿರುಗುತ್ತಲೇ ಇರುತ್ತದೆ.

ನಿಂತ ಗಾಡಿ ಮಗುಚಿದರೆ ಹೀಗಾಗುವುದಿಲ್ಲ. ತಳ್ಳುವಾಗ ಬೀಳಿಸಿದರೂ ಆಗುವುದಿಲ್ಲ. ಓಡುತ್ತಿದ್ದ ಗಾಡಿ, ಮೇಲೆ ಆಳು ಇರುವಾಗಲೇ, ಜೋರಾಗಿ ಎಲ್ಲಿಗಾದರೂ ಬಡಿದರೆ ಮಾತ್ರ ಹ್ಯಾಂಡಲ್ ಹಾಗೆ ತಿರುಗುವುದು. ಇದನ್ನು ನನಗೆ ಕಲಿಸಿದವರು ಅಪ್ಪ.

ವೈರು ಬಿಡಿಸಿದೆ, ಟೇಪು ಸುತ್ತಿದೆ, ಪ್ಲಗ್ ಹಾಕಿದೆ, ಸೀಟು ಕೂರಿಸಿದೆ. ಸೆಲ್ಫ್ ಒತ್ತಿದ ಕೂಡಲೇ ಇಂಜಿನ್ ಹೊತ್ತಿಕೊಂಡಿತು. ತಮ್ಮ ದಿನಾ ಬೆಳಿಗ್ಗೆ ಹೊರಡುವಾಗಿನ ಅದೇ ಸದ್ದು.

ದಪ್ಪನೆಯವನು ನಗುತ್ತ ಹ್ಯಾಂಡಲಿಗೆ ಕೈ ಹಾಕಿದ. ನಾನು ಇಂಜಿನ್ ಆರಿಸಿ, ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಇದು ನನ್ನ ತಮ್ಮನ ಗಾಡಿ,” ಅಂದೆ. “ಪೊಲೀಸು ಗಿಲೀಸು ಆಮೇಲಿನ ಮಾತು. ಎಲ್ಲಿ ಸಿಕ್ತು ಅಷ್ಟು ಹೇಳಿ.”

“ಯಾರ ತಮ್ಮ? ನಮ್ಮ ಭಾವಂದು ಅಂತ ಹೇಳ್ಲಿಲ್ವಾ?” ಅವನು ಮತ್ತೆ ಸ್ಪ್ಯಾನರ್ ಎತ್ತಿಕೊಂಡ.

ನನಗೆ ಏನು ಬಂತೋ ಗೊತ್ತಿಲ್ಲ. ಹೆದರಿಕೆ ತಳ ಮುಟ್ಟಿದ ಮೇಲೆ ಅದರಲ್ಲಿ ಹೆದರಲು ಏನೂ ಉಳಿಯುವುದಿಲ್ಲವೋ ಏನೋ. “ಹೊಡಿ!” ಎಂದು ಕಿರುಚಿದೆ. “ಹೊಡಿಯೋ, ನೋಡ್ತೀನಿ! ಈ ಗಾಡಿ ಬಿದ್ದಾಗ ಅದರ ಮೇಲೆ ಆಳು ಇದ್ದ ಕಣೋ! ನಿಂತಿದ್ದ ಗಾಡಿ ಅಲ್ಲ ಇದು. ಓಡ್ತಾ ಇದ್ದಾಗ ಬಿದ್ದಿದೆ. ಅವನನ್ನ ಏನು ಮಾಡಿದ್ರಿ?”

“ನಾವೇನೂ ಮಾಡಿಲ್ಲ!” ಕೂಗಿದ್ದು ಸಣಕಲ. “ತಾಯಾಣೆಗೂ ಏನೂ ಮಾಡಿಲ್ಲ ಅಕ್ಕಾ. ಮೋರಿ ತಿರುವಿನ ಹತ್ರ, ರಸ್ತೆ ಪಕ್ಕ ಬಿದ್ದಿತ್ತು. ಕೀ ಇತ್ತು. ಯಾರೂ ಇರ್ಲಿಲ್ಲ.”

“ಕೆಳಗೆ ಬಗ್ಗಿ ನೋಡಿದ್ರಾ?”

ಅವನು ನಿಧಾನವಾಗಿ ದಪ್ಪನೆಯವನ ಕಡೆ ತಿರುಗಿದ.

“ನಾನು ಹೇಳ್ಲಿಲ್ವಾ? ಯಾರೋ ಕೂಗಿದ ಹಾಗಾಯ್ತು ಅಂತ ಹೇಳ್ಲಿಲ್ವಾ ನಾನು? ನೀನು ದನ ಅಂದೆ.”

ದಪ್ಪನೆಯವನು ಶಟರಿನಡಿ ಬಗ್ಗಿ ಹೊರಗೆ ಓಡಿಹೋದ. ಸ್ಪ್ಯಾನರ್ ನೆಲಕ್ಕೆ ಬಿದ್ದು ಟಣ್ಣೆಂದಿತು. ಸಣಕಲ ಓಡಲಿಲ್ಲ. ಓಡಿದ್ದರೆ ನಾನು ಕುತ್ತಿಗೆ ಹಿಡಿದು ಎಳೆದು ತರುತ್ತಿದ್ದೆ, ಆದರೆ ಅವನು ತಾನಾಗೇ ನಿಂತ. ಆ ಒಂದು ಕಾರಣಕ್ಕೆ ಅವನನ್ನು ನಾನು ಇವತ್ತಿಗೂ ಪೂರ್ತಿ ದ್ವೇಷಿಸಲಾರೆ.

ಆ ತಿರುವು ನನಗೆ ಗೊತ್ತು. ರಸ್ತೆ ಒಮ್ಮೆಲೇ ಬಾಗುತ್ತದೆ, ಕೆಳಗೆ ಆಳದಲ್ಲಿ ನೀರು ಹೋಗುವ ಸಿಮೆಂಟ್ ಕೊಳವೆ, ಸುತ್ತ ಆಳೆತ್ತರದ ಹುಲ್ಲು. ಮೇಲಿನಿಂದ ಆನೆ ಬಿದ್ದಿದ್ದರೂ ಕಾಣಿಸುವುದಿಲ್ಲ. ಆ ರಸ್ತೆಯಲ್ಲಿ ಬೆಳಿಗ್ಗೆಯಿಂದ ಎಷ್ಟೋ ಗಾಡಿಗಳು ಹೋಗಿರುತ್ತವೆ. ಬಿದ್ದ ಬೈಕು ಕಂಡಿದ್ದರೆ ಒಬ್ಬರಾದರೂ ನಿಲ್ಲಿಸಿ, ಇದರ ಆಳು ಎಲ್ಲಿ ಎಂದು ಬಗ್ಗಿ ನೋಡುತ್ತಿದ್ದರು. ಅಲ್ಲೊಬ್ಬ ಮನುಷ್ಯ ಬಿದ್ದಿದ್ದಾನೆ ಎಂದು ಹೇಳಲು ಇದ್ದದ್ದು ಅದೊಂದೇ ಗುರುತು. ಅದನ್ನು ಇವರು ತಳ್ಳಿಕೊಂಡು ಬಂದಿದ್ದರು. ಬಂದ ಮೇಲೆ ನಾನು ಪೆಟ್ರೋಲ್ ಇದೆಯೋ ಇಲ್ಲವೋ ಎಂದು ನೋಡುತ್ತ ಕೂತಿದ್ದೆ.

ಒಳಗೆ ಓಡಿದೆ. ಅಪ್ಪ ಎಡ ಮೊಣಕೈ ಊರಿ ಅರ್ಧ ಎದ್ದಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಆಂಬುಲೆನ್ಸಿಗೆ ಫೋನ್ ಮಾಡಿ ಅಪ್ಪಾ. ಮೋರಿ ತಿರುವು ಅನ್ನಿ. ನಾನು ಹೋಗ್ತೀನಿ.”

ಅಪ್ಪ ಫೋನು ಕೈಗೆ ತೆಗೆದುಕೊಂಡರು. “ಸ್ವಿಚ್ಚು ಮೇಲಿತ್ತೋ, ಕೆಳಗಿತ್ತೋ?” ಎಂದು ಕೇಳಿದರು.

“ಮೇಲಿತ್ತು ಅಪ್ಪಾ.”

ಅವರು ಎಡಗೈ ಹೆಬ್ಬೆರಳಿನಿಂದ ನಂಬರ್ ಒತ್ತತೊಡಗಿದರು. ತಪ್ಪು ಅಂಕಿ ಬಿತ್ತು, ಅಳಿಸಿ ಮತ್ತೆ ಒತ್ತಿದರು.

ಸಣಕಲನನ್ನು ಹಿಂದೆ ಕೂರಿಸಿಕೊಂಡು ಗಾಡಿ ಬಿಟ್ಟೆ. ಬ್ರೇಕ್ ಲಿವರ್ ಮಡಚಿಕೊಂಡದ್ದರಿಂದ ಮುಂದಿನ ಬ್ರೇಕ್ ಇರಲಿಲ್ಲ. ಇದ್ದಿದ್ದರೂ ಹಿಡಿಯುತ್ತಿರಲಿಲ್ಲ. ದಾರಿಯುದ್ದಕ್ಕೂ ಅವನು ನನ್ನ ಬೆನ್ನ ಹಿಂದೆ, “ನಾನು ಹೇಳಿದ್ದೆ, ಅವನು ಕೇಳ್ಲಿಲ್ಲ” ಎಂದು ಗೊಣಗುತ್ತಲೇ ಇದ್ದ. ಕಳ್ಳನಿಗೊಂದು ಪಿಳ್ಳೆ ನೆವ. “ಬಾಯಿ ಮುಚ್ಚು” ಅಂದೆ. ಮುಚ್ಚಿದ. ಆಮೇಲೆ ಬರೀ ಇಂಜಿನ್ನಿನ ಸದ್ದು. ಇಷ್ಟು ಹೊತ್ತಿಗೆ ತಮ್ಮ ಕೂಗುವುದನ್ನು ನಿಲ್ಲಿಸಿರಬಹುದು ಎಂಬ ಒಂದು ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ಪೂರ್ತಿ ಯೋಚಿಸದೆ ಇರಲು ತಮ್ಮನನ್ನು ಬಾಯಿಗೆ ಬಂದ ಹಾಗೆ ಬೈಯುತ್ತ ಹೋದೆ.

“ಇಲ್ಲೇ,” ಅಂದ ಸಣಕಲ.

ಇಂಜಿನ್ ಆರಿಸಿದೆ. ರಸ್ತೆಯಂಚಿನ ಹುಲ್ಲು ಒಂದು ಕಡೆ ಮಲಗಿತ್ತು. ತಮ್ಮನನ್ನು ಕರೆದೆ. ಏನೂ ಕೇಳಲಿಲ್ಲ. ಮತ್ತೆ ಕರೆದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕೆಳಗಿನಿಂದ ಒಂದು ಸದ್ದು ಬಂತು. ಟಣ್. ಬಹಳ ಹೊತ್ತು ಬಿಟ್ಟು ಮತ್ತೆ, ಟಣ್. ಸಿಮೆಂಟ್ ಕೊಳವೆಗೆ ಕಬ್ಬಿಣ ಬಡಿಯುವ ಸದ್ದು.

ನಾನು ಇಳಿಯಲಿಲ್ಲ, ಉರುಳಿಕೊಂಡೇ ಹೋದೆ. ಒಡೆದ ಪೆಟ್ಟಿಗೆ, ಹುಲ್ಲಿನಲ್ಲಿ ಚೆಲ್ಲಿದ ತೂಕದ ಕಲ್ಲುಗಳು, ಕೈಗೆಟುಕದಷ್ಟು ದೂರದಲ್ಲಿ ಕೆಸರಿಗೆ ಬಿದ್ದ ಫೋನು. ಕೊಳವೆಯ ಬಾಯಲ್ಲಿ ತಮ್ಮ. ಒಂದು ಕಾಲು ಕಾಲಿನ ಹಾಗೆ ಇರಲಿಲ್ಲ. ಕೈಯಲ್ಲಿ ಒಂದು ತೂಕದ ಕಲ್ಲಿತ್ತು. ನನ್ನನ್ನು ನೋಡಿದ ಮೇಲೂ ಇನ್ನೊಂದು ಸಲ ಬಡಿದ, ನಿಲ್ಲಿಸಲು ಮರೆತವನ ಹಾಗೆ. ಆ ಕಲ್ಲನ್ನು ಅವನ ಬೆರಳುಗಳಿಂದ ಬಿಡಿಸಿ, ಅವನ ತಲೆಯನ್ನು ಮಡಿಲಿಗೆ ಎತ್ತಿಕೊಂಡೆ. ಮೈ ತಣ್ಣಗಿತ್ತು, ಆದರೆ ಉಸಿರಿತ್ತು.

“ಅಕ್ಕಾ,” ಅಂದ. ತುಟಿ ಒಣಗಿ ಮಾತು ಗಾಳಿಯ ಹಾಗೆ ಬರುತ್ತಿತ್ತು. “ಬೆಳಿಗ್ಗೆ ಯಾರೋ ಬಂದಿದ್ರು. ಮೇಲೆ ನಿಂತು ಸೆಲ್ಫ್ ಹೊಡೀತಾನೇ ಇದ್ರು. ನಾನು ಕೂಗ್ತಾನೇ ಇದ್ದೆ.”

“ಮಾತಾಡಬೇಡ. ಆಂಬುಲೆನ್ಸ್ ಬರ್ತಾ ಇದೆ. ಸುಮ್ಮನಿರು.”

“ಸ್ಟಾರ್ಟ್ ಆಗ್ಲಿಲ್ಲ ಅಂತ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಸೆಲ್ಫ್ ಹೊಡೆಯೋದು ನಿಲ್ಲಿಸಿದ ಮೇಲೆ ನನ್ನ ಕೂಗು ಕೇಳುತ್ತೆ ಅಂದ್ಕೊಂಡೆ. ಆಮೇಲೆ ನಿಲ್ಲಿಸಿದ್ರು.” ಅವನು ಕಣ್ಣು ಮುಚ್ಚಿದ. “ತಳ್ಕೊಂಡು ಹೋದ್ರು ಅಕ್ಕಾ. ಚಕ್ರದ ಸದ್ದು ದೂರ ಹೋಗೋದು ಕೇಳಿಸ್ತಾ ಇತ್ತು.”

ನಾನು ತಲೆಯೆತ್ತಿ ನೋಡಿದೆ. ಮೇಲೆ, ರಸ್ತೆಯಂಚಿನಲ್ಲಿ, ಸಣಕಲ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕೂತಿದ್ದ.